ಐಸ್ ಹಾಕಿ ಟ್ರೇಡ್ ಅಳೆಯುವುದು ಹೇಗೆ? ಸ್ಯಾಲರಿ ಕ್ಯಾಪ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟೊರಾಂಟೊ ಪಕ್ಕದ ಊರಿಗೆ ಬಂದ ಮೇಲೆ ನನಗೆ ಅಂಟಿಕೊಂಡ ಚಟ ಎನ್‌ಎಚ್‌ಎಲ್, ಇಲ್ಲಿನ ದೊಡ್ಡ ಐಸ್ ಹಾಕಿ ಲೀಗ್. ನಿಜ ಹೇಳಬೇಕೆಂದರೆ ಆಟಕ್ಕಿಂತ ಜಾಸ್ತಿ ಅದರ ಟ್ರೇಡ್‌ಗಳ, ಅಂದರೆ ಟೀಮ್‌ಗಳ ನಡುವಿನ ಆಟಗಾರರ ಅದಲುಬದಲಿನ ಹುಚ್ಚು. ಇಲ್ಲಿ ಪಂಜಾಬಿಯಲ್ಲಿ ಹಾಕಿ ಕಾಮೆಂಟರಿ ಬರುತ್ತದೆ, ಕನ್ನಡದಲ್ಲಿ ಇಲ್ಲ. ಹಾಗಾಗಿ ಹೊಸದಾಗಿ ನೋಡಲು ಶುರು ಮಾಡಿದ ನಮ್ಮ ಕಡೆಯ ಹುಡುಗರು ನನ್ನನ್ನೇ ಹಿಡಿದು ಕೇಳುತ್ತಾರೆ. ಊರಿನಿಂದ ಭಾವಮೈದ ಫೋನ್ ಮಾಡಿದರೂ ಅದೇ ಮಾತು: "ಭಾವ, ಅಷ್ಟು ಒಳ್ಳೇ ಪ್ಲೇಯರ್‌ನ ಯಾಕೆ ಪುಕ್ಕಟೆ ಕೊಟ್ಟುಬಿಟ್ರು?"

ಪುಕ್ಕಟೆ ಯಾರೂ ಕೊಡುವುದಿಲ್ಲ. ಬೆಲೆ ಇರುತ್ತದೆ, ಆದರೆ ನಾವು ನೋಡುವ ಕಡೆ ಇರುವುದಿಲ್ಲ. ಅದು ಎಲ್ಲಿರುತ್ತದೆ ಅನ್ನುವುದಕ್ಕೇ ಈ ಪ್ರಶ್ನೋತ್ತರ. ಕೆಳಗಿರುವ ದುಡ್ಡೆಲ್ಲ ಅಮೆರಿಕನ್ ಡಾಲರಿನಲ್ಲಿ. ಒಂದು ಮಿಲಿಯನ್ ಎಂದರೆ 10 ಲಕ್ಷ.

ದುಡ್ಡಿರುವ ಟೀಮ್ ಬೇಕಾದವರನ್ನೆಲ್ಲ ಕೊಂಡುಕೊಳ್ಳಬಹುದಲ್ವಾ?

ಒಂದು ಕಾಲದಲ್ಲಿ ಹೆಚ್ಚುಕಡಿಮೆ ಹಾಗೇ ಇತ್ತು. ಆಮೇಲೆ ಮಾಲೀಕರಿಗೂ ಆಟಗಾರರಿಗೂ ಜಗಳ ಹತ್ತಿ 2004-05ರ ಸೀಸನ್ ಇಡೀ ರದ್ದಾಯಿತು. ಆ ವರ್ಷ ಲೀಗ್ ಗೆದ್ದವರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಯಾರ ಕೈಗೂ ಹೋಗಲಿಲ್ಲ. ರಾಜಿ ಆದಾಗ ಬಂದದ್ದೇ ಸ್ಯಾಲರಿ ಕ್ಯಾಪ್, ಅಂದರೆ ಒಂದು ಟೀಮ್ ಆಟಗಾರರಿಗೆ ಕೊಡುವ ಒಟ್ಟು ಸಂಬಳದ ಮಿತಿ. 2005-06ರಲ್ಲಿ ಒಂದು ಟೀಮಿಗೆ 39 ಮಿಲಿಯನ್ ಮಿತಿ. 2025-26ಕ್ಕೆ ಅದು 95.5 ಮಿಲಿಯನ್. ಕೆಳಗೂ ಒಂದು ಗೆರೆ ಇದೆ, ಅದೇ ವರ್ಷಕ್ಕೆ 70.6 ಮಿಲಿಯನ್. ಅದಕ್ಕಿಂತ ಕಡಿಮೆ ಖರ್ಚು ಮಾಡಿ ಉಳಿಸಿಕೊಳ್ಳುತ್ತೇನೆ ಅನ್ನುವ ಹಾಗಿಲ್ಲ.

ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಮಿತಿ ದಾಟಿದರೆ ತೆರಿಗೆ ಕಟ್ಟಿ ಪಾರಾಗಬಹುದು. ಇಲ್ಲಿ ಅದಿಲ್ಲ. ಬೇಸಿಗೆಯಲ್ಲಿ ಮಾತ್ರ ಶೇ. 10ರಷ್ಟು ಮೇಲೆ ಹೋಗಲು ಬಿಡುತ್ತಾರೆ. ಸೀಸನ್ ಶುರುವಾಗುವ ಹೊತ್ತಿಗೆ ಒಳಗೆ ಬರಲೇಬೇಕು. ಟೊರಾಂಟೊ ಎಷ್ಟೇ ಶ್ರೀಮಂತ ಕ್ಲಬ್ ಆಗಿರಲಿ, ವಿನ್ನಿಪೆಗ್‌ಗೆ ಇರುವ ಮಿತಿಯೇ ಅದಕ್ಕೂ.

ಐಪಿಎಲ್ ಪರ್ಸ್ ಇದ್ದ ಹಾಗಾ?

ಸ್ವಲ್ಪ ಹಾಗೇ. 2023ರ ನವೆಂಬರಿನಲ್ಲಿ ಮುಂಬೈ ಇಂಡಿಯನ್ಸ್ ಹಾರ್ದಿಕ್ ಪಾಂಡ್ಯನನ್ನು ಗುಜರಾತಿನಿಂದ 15 ಕೋಟಿಗೆ ತಂದಿತು. ಅಷ್ಟು ಜಾಗ ಪರ್ಸಿನಲ್ಲಿ ಬೇಕಲ್ಲ? ಕ್ಯಾಮರೂನ್ ಗ್ರೀನ್‌ನನ್ನು 17.5 ಕೋಟಿಗೆ ನಮ್ಮ ಆರ್‌ಸಿಬಿಗೆ ದಾಟಿಸಿತು. ಆವತ್ತು ನಮ್ಮವರೆಲ್ಲ "ಗ್ರೀನ್ ಸಿಕ್ಕ!" ಎಂದು ಕುಣಿದರು. ಮುಂಬೈ ನಿಜವಾಗಿ ಕೊಂಡದ್ದು ಏನು? ಜಾಗ. ಈ ಒಂದು ಮಾತು ತಲೆಯಲ್ಲಿದ್ದರೆ ಎನ್‌ಎಚ್‌ಎಲ್ ಟ್ರೇಡ್ ಅರ್ಧ ಅರ್ಥವಾದ ಹಾಗೆ.

ವ್ಯತ್ಯಾಸವೂ ದೊಡ್ಡದೇ. ಎನ್‌ಎಚ್‌ಎಲ್‌ನಲ್ಲಿ ಆಟಗಾರನಿಗೆ ಬದಲಾಗಿ ರೊಕ್ಕ ಕೊಡುವ ಹಾಗಿಲ್ಲ. 1988ರಲ್ಲಿ ಆಗಿನ ಸೂಪರ್‌ಸ್ಟಾರ್ ವೇಯ್ನ್ ಗ್ರೆಟ್ಸ್ಕಿಯನ್ನು ಎಡ್ಮಂಟನ್ ಬಿಟ್ಟುಕೊಟ್ಟಾಗ ಆಟಗಾರರು, ಡ್ರಾಫ್ಟ್ ಪಿಕ್‌ಗಳ (ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕು) ಜೊತೆ 15 ಮಿಲಿಯನ್ ನಗದೂ ಬಂದಿತ್ತು. ಈಗ ಆ ದಾರಿ ಮುಚ್ಚಿದೆ. ಆಟಗಾರ, ಡ್ರಾಫ್ಟ್ ಪಿಕ್, ಕ್ಯಾಪ್ ಜಾಗ, ಈ ಮೂರರಲ್ಲೇ ವ್ಯಾಪಾರ ಮುಗಿಸಬೇಕು.

ಆಟಗಾರನ ಸಂಬಳ ಎಂದು ಯಾವ ಅಂಕಿ ನೋಡಬೇಕು?

ಕ್ಯಾಪ್ ಹಿಟ್. ಒಪ್ಪಂದದ ಒಟ್ಟು ದುಡ್ಡನ್ನು ವರ್ಷಗಳಿಂದ ಭಾಗಿಸಿದರೆ ಬರುವ ಸರಾಸರಿ. 8 ವರ್ಷಕ್ಕೆ 84 ಮಿಲಿಯನ್ ಆದರೆ ಪ್ರತಿ ವರ್ಷ 10.5. ಈ ವರ್ಷ ಅವನ ಬ್ಯಾಂಕಿಗೆ 12 ಬಿದ್ದರೂ, ಕೊನೇ ವರ್ಷ 7 ಬಿದ್ದರೂ ಕ್ಯಾಪ್ ಲೆಕ್ಕಕ್ಕೆ 10.5.

ಈ ಎರಡು ಅಂಕಿಗಳ ಅಂತರದಲ್ಲೇ ಕೆಲವು ವಿಚಿತ್ರ ಟ್ರೇಡ್‌ಗಳು ಹುಟ್ಟುತ್ತವೆ. 2016ರಲ್ಲಿ ಪಾವೆಲ್ ಡಾಟ್ಸುಕ್ ಡೆಟ್ರಾಯ್ಟ್ ಬಿಟ್ಟು ರಷ್ಯಾಕ್ಕೆ ವಾಪಸ್ ಹೊರಟ. ಆಡುವುದಿಲ್ಲ, ಸಂಬಳವೂ ಇಲ್ಲ. ಆದರೆ 35 ದಾಟಿದ ಮೇಲೆ ಶುರುವಾದ ಒಪ್ಪಂದವಾದ್ದರಿಂದ ಅವನ 7.5 ಮಿಲಿಯನ್ ಕ್ಯಾಪ್ ಹಿಟ್ ಪುಸ್ತಕದಲ್ಲಿ ಹಾಗೇ ಉಳಿಯಿತು. ಡೆಟ್ರಾಯ್ಟ್‌ಗೆ ಅದು ಹೊರೆ. ಅರಿಜೋನಾಗೆ ಅದೇ ಉಪಕಾರ: ಕಾಸು ಬಿಚ್ಚದೆ ಕೆಳಗಿನ ಗೆರೆ ಮುಟ್ಟಬಹುದು. ಒಪ್ಪಂದವನ್ನು ತಗೊಂಡದ್ದಕ್ಕೆ ಅರಿಜೋನಾ ಡ್ರಾಫ್ಟ್‌ನಲ್ಲಿ 20ರಿಂದ 16ನೇ ಸ್ಥಾನಕ್ಕೆ ಏರಿತು. ಅಲ್ಲಿ ಜೇಕಬ್ ಚಿಕ್ರನ್‌ನನ್ನು ಆರಿಸಿಕೊಂಡಿತು. ಇಲ್ಲದ ಆಟಗಾರನನ್ನು ತಗೊಂಡು ಇರುವ ಆಟಗಾರನನ್ನು ಪಡೆದರು!

ಸರಿ, ಒಂದು ಟ್ರೇಡ್ ಬಂತು. ಯಾರು ಗೆದ್ದರು ಎಂದು ಹೇಗೆ ಲೆಕ್ಕ ಹಾಕುತ್ತೀರಿ?

ನನ್ನ ಪದ್ಧತಿ ತುಂಬ ಸಾದಾ. ಅಡುಗೆಮನೆ ಟೇಬಲ್ ಮೇಲೆ ಬಿದ್ದಿರುವ ಯಾವುದಾದರೂ ಅಂಗಡಿಯ ಜಾಹೀರಾತು ಹಾಳೆಯ ಹಿಂಬದಿ ಸಾಕು. ಪ್ರತಿ ಆಟಗಾರನ ಹೆಸರಿನ ಮುಂದೆ ಮೂರು ವಿಷಯ ಬರೆಯುತ್ತೇನೆ. ಈಗ ವಯಸ್ಸೆಷ್ಟು? ಒಪ್ಪಂದ ಮುಗಿಯುವಾಗ ಎಷ್ಟಾಗಿರುತ್ತದೆ? ಅವನು ತಿನ್ನುವ ಕ್ಯಾಪ್ ಬೇರೆಯವನಿಗೆ ಕೊಟ್ಟರೆ ಏನು ಸಿಗುತ್ತಿತ್ತು? ಹೋದ ವರ್ಷದ ಗೋಲು, ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ನೆರವು ಎರಡೂ ಸೇರಿ) ಎಲ್ಲ ಆಮೇಲೆ.

ಈ ಕ್ರಮ ನಾನು ಕಲಿತದ್ದು ಪೆಟ್ಟು ತಿಂದೇ. 2022ರ ಜುಲೈನಲ್ಲಿ ಕ್ಯಾಲ್ಗರಿ ಮತ್ತು ಫ್ಲಾರಿಡಾ ನಡುವೆ ಭಾರೀ ಅದಲುಬದಲು ಆಯಿತು. ಫ್ಲಾರಿಡಾಗೆ ಮ್ಯಾಥ್ಯೂ ಕಚಕ್ (ಹೆಸರಿನ ಮೊದಲು ಒಂದು ಟಿ ಇದೆ, ಯಾರೂ ಉಚ್ಚರಿಸುವುದಿಲ್ಲ). ಕ್ಯಾಲ್ಗರಿಗೆ ಜೊನಾಥನ್ ಹ್ಯೂಬರ್ಡೋ, ಡಿಫೆನ್ಸ್ ಆಡುವ ಮೆಕೆಂಜಿ ವೀಗರ್, ಜೊತೆಗೆ ಒಬ್ಬ ಹುಡುಗ, ಒಂದು ಮೊದಲ ಸುತ್ತಿನ ಪಿಕ್. ಹ್ಯೂಬರ್ಡೋ ಆ ಸೀಸನ್ 115 ಪಾಯಿಂಟ್ ಹೊಡೆದಿದ್ದ. "ಕ್ಯಾಲ್ಗರಿ ಲೂಟಿ ಮಾಡಿತು" ಎಂದು ಆಫೀಸಿನಲ್ಲಿ ಭಾಷಣ ಬಿಗಿದೆ. ನಮ್ಮ ಆಫೀಸಿನ ಫ್ಯಾಂಟಸಿ ಪೂಲ್‌ನಲ್ಲಿ ಮೊದಲ ಆಯ್ಕೆಯಾಗಿ ಅವನನ್ನೇ ಎತ್ತಿಕೊಂಡೆ. ಮುಂದಿನ ವರ್ಷ ಅವನು ಗಳಿಸಿದ್ದು 55. ಕಚಕ್ 109. ನಾನು ಪೂಲ್‌ನಲ್ಲಿ ಕೊನೆಯಿಂದ ಎರಡನೆಯವನು.

ಹಾಳೆಯ ಹಿಂಬದಿ ಬರೆದಿದ್ದರೆ ಅಷ್ಟು ಹಾರಾಡುತ್ತಿರಲಿಲ್ಲ. ಕಚಕ್‌ಗೆ 24, ಹ್ಯೂಬರ್ಡೋಗೆ 29. ಇಬ್ಬರಿಗೂ 8 ವರ್ಷದ ಒಪ್ಪಂದ. ಕಚಕ್ 9.5 ಮಿಲಿಯನ್, ಹ್ಯೂಬರ್ಡೋ 10.5. ಹ್ಯೂಬರ್ಡೋನ ಹೊಸ ಒಪ್ಪಂದ ಶುರುವಾಗುವಾಗಲೇ ಅವನಿಗೆ 30 ತುಂಬಿರುತ್ತದೆ. ಐದು ವರ್ಷ ದೊಡ್ಡವನಿಗೆ ವರ್ಷಕ್ಕೆ ಒಂದು ಮಿಲಿಯನ್ ಜಾಸ್ತಿ! ಕಾಗದದ ಮೇಲೆ ಕ್ಯಾಲ್ಗರಿಗೆ ಸಿಕ್ಕ ತಲೆಗಳು ಹೆಚ್ಚು, ಫ್ಲಾರಿಡಾಗೆ ಸಿಕ್ಕ ವರ್ಷಗಳು ಒಳ್ಳೆಯವು. ಫ್ಲಾರಿಡಾ 2024ರಲ್ಲೂ 2025ರಲ್ಲೂ ಕಪ್ ಎತ್ತಿತು.

ಕ್ಯಾಲ್ಗರಿಯನ್ನು ಪೂರ್ತಿ ಬೈಯಲೂ ಆಗದು. ಕಚಕ್ ಅಲ್ಲಿ ದೀರ್ಘ ಕಾಲ ಇರಲು ಒಪ್ಪಿರಲಿಲ್ಲ. ಅಂಥ ಸ್ಥಿತಿಯಲ್ಲಿ ಅಷ್ಟು ಹೊರಡಿಸಿದ್ದು ಸಣ್ಣ ಸಾಧನೆ ಅಲ್ಲ. ಟ್ರೇಡ್‌ಗಿಂತ ಆಮೇಲೆ ಬರೆದ ಒಪ್ಪಂದವೇ ದುಬಾರಿಯಾಯಿತು ಎಂದು ನನಗೆ ಅನಿಸುತ್ತದೆ.

ಒಳ್ಳೇ ಆಟಗಾರನ ಜೊತೆ ಮೊದಲ ಸುತ್ತಿನ ಪಿಕ್‌ನೂ ಕೊಟ್ಟು ಕಳಿಸುತ್ತಾರಲ್ಲ, ಇದೆಂಥ ಹುಚ್ಚು?

ಹುಚ್ಚಲ್ಲ, ಕಸ ಎತ್ತುವವನಿಗೆ ಕೊಡುವ ಕೂಲಿ. ಆಟಗಾರ ಕಸ ಎಂದಲ್ಲ, ಅವನ ಒಪ್ಪಂದ.

2019ರ ಜೂನ್. ಟೊರಾಂಟೊ ಬಳಿ ಪ್ಯಾಟ್ರಿಕ್ ಮಾರ್ಲೋ ಇದ್ದ. ವಯಸ್ಸು 39, ಇನ್ನೊಂದು ವರ್ಷ ಬಾಕಿ, ಕ್ಯಾಪ್ ಹಿಟ್ 6.25 ಮಿಲಿಯನ್. ಇತ್ತ ಹುಡುಗ ಮಿಚ್ ಮಾರ್ನರ್‌ಗೆ ಹೊಸ ಒಪ್ಪಂದ ಕೊಡಬೇಕು, ಜಾಗ ಇಲ್ಲ. ಮಾರ್ಲೋ 35 ದಾಟಿದ ಮೇಲೆ ಸಹಿ ಮಾಡಿದವನು, ಹಾಗಾಗಿ ಬೈಔಟ್ ಮಾಡಿ (ದುಡ್ಡು ಕೊಟ್ಟು ಒಪ್ಪಂದ ಮುರಿದು) ಕಳಿಸಿದರೂ ಕ್ಯಾಪ್‌ನಲ್ಲಿ ಉಳಿತಾಯ ಆಗುವುದಿಲ್ಲ. ಕ್ಯಾರೊಲೈನಾ ಬಳಿ ಜಾಗ ಧಾರಾಳವಾಗಿತ್ತು. "ನಾವು ತಗೋತೀವಿ, ಏನು ಕೊಡ್ತೀರಿ?" ಅನ್ನುವಂಥ ಸ್ಥಾನ ಅವರದು. ಟೊರಾಂಟೊ ಮಾರ್ಲೋ ಜೊತೆ 2020ರ ಮೊದಲ ಸುತ್ತಿನ ಪಿಕ್ ಮತ್ತು ಒಂದು ಏಳನೇ ಸುತ್ತಿನ ಪಿಕ್ ಕೊಟ್ಟಿತು. ವಾಪಸ್ ಬಂದದ್ದು ಆರನೇ ಸುತ್ತಿನ ಒಂದು ಪಿಕ್.

ಕ್ಯಾರೊಲೈನಾ ಕೆಲವೇ ದಿನಗಳಲ್ಲಿ ಮಾರ್ಲೋಗೆ ಬೈಔಟ್ ದುಡ್ಡು ಕೊಟ್ಟು ಬಿಟ್ಟುಬಿಟ್ಟಿತು. ಆ ಪಿಕ್ 13ನೇ ಸ್ಥಾನವಾಯಿತು. ಅದರಲ್ಲಿ ಆರಿಸಿದ್ದು ಸೆತ್ ಜಾರ್ವಿಸ್‌ನನ್ನು. ಇವತ್ತು ಅವನು ಆ ಟೀಮಿನ ಮುಖ್ಯ ಫಾರ್ವರ್ಡ್‌ಗಳಲ್ಲಿ ಒಬ್ಬ. ಒಂದು ವರ್ಷ ಜಾಗ ಬಾಡಿಗೆಗೆ ಕೊಟ್ಟು ಹತ್ತು ವರ್ಷಕ್ಕಾಗುವ ಆಟಗಾರನನ್ನು ಗಿಟ್ಟಿಸಿಕೊಂಡರು. ಉಂಡೂ ಹೋದ ಕೊಂಡೂ ಹೋದ ಎಂದು ನಮ್ಮಲ್ಲಿ ಹೇಳುವುದು ಇದನ್ನೇ. ಟೊರಾಂಟೊ ಅಭಿಮಾನಿಯಾದ ನನಗೆ ಜಾರ್ವಿಸ್ ಗೋಲು ಹೊಡೆದಾಗಲೆಲ್ಲ ಹೊಟ್ಟೆ ಚುರ್ ಅನ್ನುತ್ತದೆ.

ಪಿಕ್‌ಗೆ ಯಾಕಿಷ್ಟು ಬೆಲೆ ಅನ್ನುವುದೂ ಕ್ಯಾಪ್‌ನಿಂದಲೇ. ಡ್ರಾಫ್ಟ್‌ನಲ್ಲಿ ಬಂದ ಹುಡುಗರ ಮೊದಲ ಒಪ್ಪಂದಕ್ಕೆ ಲೀಗೇ ಮಿತಿ ಹಾಕಿದೆ. ಬೋನಸ್ ಬಿಟ್ಟರೆ ವರ್ಷಕ್ಕೆ ಒಂದು ಮಿಲಿಯನ್ ಆಸುಪಾಸು, ಸಾಮಾನ್ಯವಾಗಿ ಮೂರು ವರ್ಷ. ಆ ಮೂರು ವರ್ಷ ಅವನು ವರ್ಷಕ್ಕೆ ಆರು ಮಿಲಿಯನ್ ಬೆಲೆಯ ಆಟ ಆಡಿದರೆ ವರ್ಷಕ್ಕೆ ಐದು ಮಿಲಿಯನ್ ಲಾಭ.

'ಅರ್ಧ ಸಂಬಳ ಹಳೇ ಟೀಮೇ ಕೊಡುತ್ತದೆ' ಅಂದರೆ ಏನು?

ಇದಕ್ಕೆ ರಿಟೆನ್ಷನ್ ಎನ್ನುತ್ತಾರೆ. ಮಾರುವ ಟೀಮ್ ಕ್ಯಾಪ್ ಹಿಟ್‌ನ ಅರ್ಧದವರೆಗೆ ತನ್ನ ಲೆಕ್ಕದಲ್ಲೇ ಇಟ್ಟುಕೊಳ್ಳಬಹುದು. ಒಂದು ಟೀಮ್ ಏಕಕಾಲಕ್ಕೆ ಅಂಥ ಮೂರು ಒಪ್ಪಂದ ಮಾತ್ರ ಇಟ್ಟುಕೊಳ್ಳಬಹುದು. ಒಂದೇ ಒಪ್ಪಂದದ ಮೇಲೆ ಎರಡು ಸಲ ಹೀಗೆ ಮಾಡಬಹುದು.

2023ರ ಫೆಬ್ರವರಿಯಲ್ಲಿ ರಯಾನ್ ಓರೈಲಿ ಟೊರಾಂಟೊಗೆ ಬಂದದ್ದು ಹೀಗೆ. ಅವನ ಕ್ಯಾಪ್ ಹಿಟ್ 7.5. ಸೇಂಟ್ ಲೂಯಿಸ್ ಅರ್ಧ ಇಟ್ಟುಕೊಂಡಿತು, ಉಳಿದದ್ದು 3.75. ಅವನನ್ನು ಕಾಗದದ ಮೇಲೆ ಮಿನ್ನೆಸೋಟಾಗೆ ಕಳಿಸಿದರು. ಅಲ್ಲಿ ಇನ್ನೊಮ್ಮೆ ಅರ್ಧ, ಉಳಿದದ್ದು 1.875. ಟೊರಾಂಟೊ ಲೆಕ್ಕಕ್ಕೆ ಬಂದದ್ದು ಅಷ್ಟೇ, ಕಾಲು ಭಾಗ. ಮಿನ್ನೆಸೋಟಾದಲ್ಲಿ ಓರೈಲಿ ಸ್ಕೇಟ್ ಕಟ್ಟಲೇ ಇಲ್ಲ. ಜಾಗ ಕೊಟ್ಟ ಬಾಡಿಗೆಗೆ ಆ ಟೀಮಿಗೆ ಒಂದು ನಾಲ್ಕನೇ ಸುತ್ತಿನ ಪಿಕ್. ಆ ವಸಂತದಲ್ಲಿ ಟೊರಾಂಟೊ 2004ರ ನಂತರ ಮೊದಲ ಸಲ ಪ್ಲೇಆಫ್ ಸರಣಿಯೊಂದನ್ನು ಗೆದ್ದಿತು. ಜುಲೈ ಬಂದ ಕೂಡಲೇ ಓರೈಲಿ ನ್ಯಾಶ್‌ವಿಲ್‌ಗೆ ಹೊರಟ.

ಈಗ ಹೀಗೆ ಒಂದೇ ಏಟಿಗೆ ಮಾಡಲು ಬರುವುದಿಲ್ಲ. ಹೊಸ ನಿಯಮದಂತೆ ಮೊದಲ ರಿಟೆನ್ಷನ್‌ಗೂ ಎರಡನೆಯದಕ್ಕೂ ನಡುವೆ ಸೀಸನ್ನಿನ 75 ದಿನ ಕಳೆಯಬೇಕು.

ಕ್ಯಾಪ್ ತುಂಬಿದೆ ಅನ್ನುವ ಟೀಮ್ ಮಾರ್ಚ್‌ನಲ್ಲಿ ದುಬಾರಿ ಆಟಗಾರನನ್ನು ಹೇಗೆ ತರುತ್ತದೆ?

ಕ್ಯಾಪ್ ವರ್ಷಕ್ಕೊಮ್ಮೆ ನೋಡುವ ಲೆಕ್ಕವಲ್ಲ, ದಿನದಿನದ ಲೆಕ್ಕ. ಹಾಲಿನವನ ಲೆಕ್ಕದ ಹಾಗೆ. ಸೀಸನ್ 190 ದಿನ ಎಂದಿಟ್ಟುಕೊಳ್ಳಿ. ಟೀಮ್ ಮೊದಲ ದಿನದಿಂದ ಒಂದು ಮಿಲಿಯನ್ ಜಾಗ ಖಾಲಿ ಇಟ್ಟಿದೆ. 40 ದಿನ ಬಾಕಿ ಇರುವಾಗ ಆ ಒಂದು ಮಿಲಿಯನ್ ಅನ್ನು 40 ದಿನದಲ್ಲೇ ಖರ್ಚು ಮಾಡಬಹುದು. 1 × 190 ÷ 40, ಅಂದರೆ 4.75. ವರ್ಷಕ್ಕೆ 4.75 ಮಿಲಿಯನ್ ಕ್ಯಾಪ್ ಹಿಟ್ ಇರುವವನನ್ನು ಆರಾಮಾಗಿ ತರಬಹುದು. ಅದರ ಮೇಲೆ ಅರ್ಧ ರಿಟೆನ್ಷನ್ ಸಿಕ್ಕರೆ 9.5 ಮಿಲಿಯನ್ನಿನವನೂ ಹಿಡಿಸುತ್ತಾನೆ.

ಅದಕ್ಕೇ 2025-26ಕ್ಕೆ ಮೊದಲು ಅಕ್ಟೋಬರಿನಲ್ಲಿ ಜನರಲ್ ಮ್ಯಾನೇಜರ್‌ಗಳು ಒಬ್ಬ ಹೆಚ್ಚುವರಿ ಆಟಗಾರನನ್ನು ಬೆಳಿಗ್ಗೆ ಕೆಳಗಿನ ಲೀಗಿಗೆ ಕಳಿಸಿ ಸಂಜೆ ಕರೆಸಿಕೊಳ್ಳುವಂಥ ಜುಗ್ಗತನ ಮಾಡುತ್ತಿದ್ದರು. ಚಿಲ್ಲರೆ ಕೂಡಿಡುವ ಕೆಲಸ ಅದಾಗಿತ್ತು.

ಗಾಯಾಳು ಪಟ್ಟಿಯ ಆಟ ಅಂತಾರಲ್ಲ, ಅದೇನು?

ದೀರ್ಘಕಾಲದ ಗಾಯಾಳು ಪಟ್ಟಿಗೆ ಆಟಗಾರನನ್ನು ಸೇರಿಸಿದರೆ (ಕನಿಷ್ಠ 10 ಪಂದ್ಯ, 24 ದಿನ ಹೊರಗಿರಬೇಕು) ಅವನ ಬದಲಿಗೆ ಬೇರೆಯವರನ್ನು ತರಲು ಕ್ಯಾಪ್ ಮೀರಬಹುದು. ಪ್ಲೇಆಫ್‌ನಲ್ಲಿ 2025ರವರೆಗೆ ಕ್ಯಾಪ್ ಇರಲೇ ಇಲ್ಲ. ಲೀಗ್ ಚಾಪೆ ಕೆಳಗೆ ತೂರಿದರೆ ಟೀಮ್‌ಗಳು ರಂಗೋಲಿ ಕೆಳಗೆ ತೂರಿದವು.

2020-21ರಲ್ಲಿ ಟಾಂಪಾದ ನಿಕಿಟಾ ಕುಚೆರೊವ್ ಸೊಂಟದ ಆಪರೇಷನ್ ಮಾಡಿಸಿಕೊಂಡ. ಲೀಗ್ ಪಂದ್ಯ ಒಂದೂ ಆಡಲಿಲ್ಲ. ಪ್ಲೇಆಫ್ ಮೊದಲ ಪಂದ್ಯಕ್ಕೆ ಸರಿಯಾಗಿ ಹಾಜರ್. 32 ಪಾಯಿಂಟ್ ಹೊಡೆದ, ಟಾಂಪಾ ಕಪ್ ಗೆದ್ದಿತು. ಸಂಭ್ರಮದಲ್ಲಿ "ಕ್ಯಾಪ್‌ಗಿಂತ 18 ಮಿಲಿಯನ್ ಮೇಲೆ" ಎಂದು ಬರೆದ ಟೀ ಶರ್ಟ್ ತೊಟ್ಟು ನಿಂತ! ಆಪರೇಷನ್ ನಿಜ, ನಿಯಮವೂ ಮುರಿದಿಲ್ಲ. ಆದರೂ ಉಳಿದ ಊರುಗಳ ಅಭಿಮಾನಿಗಳಿಗೆ ಉರಿದದ್ದು ಸುಮ್ನೆ ಅಲ್ಲ.

2025-26ರಿಂದ ಪ್ಲೇಆಫ್‌ಗೂ ಕ್ಯಾಪ್ ಬಂದಿದೆ. ಆ ದಿನ ಜೆರ್ಸಿ ತೊಡುವ 20 ಮಂದಿಯ ಒಟ್ಟು ಮಿತಿಯೊಳಗೆ ಇರಬೇಕು. ಹಾಗಾಗಿ ಟ್ರೇಡ್ ತೂಗುವಾಗ ಈಗ ಇನ್ನೊಂದು ಪ್ರಶ್ನೆ: ಎಲ್ಲರೂ ಗುಣವಾಗಿ ಬಂದರೆ ಯಾರನ್ನು ಹೊರಗೆ ಕೂರಿಸುತ್ತೀರಿ?

ರಾಂಟನೆನ್‌ನನ್ನು ಕೊಲರಾಡೊ ಬಿಟ್ಟದ್ದು ತಪ್ಪಾ?

ಇದರ ಬಗ್ಗೆ ನಾನೂ ನನ್ನ ಪಕ್ಕದ ಮನೆಯವನೂ ಇನ್ನೂ ಜಗಳ ಆಡುತ್ತೇವೆ.

2025ರ ಜನವರಿ 24. ಮಿಕ್ಕೊ ರಾಂಟನೆನ್ ಒಪ್ಪಂದದ ಕೊನೇ ವರ್ಷ, ಕ್ಯಾಪ್ ಹಿಟ್ 9.25. ಬೇಸಿಗೆಯಲ್ಲಿ ಅವನು ಬೇಕಾದ ಟೀಮಿಗೆ ಹೋಗಲು ಸ್ವತಂತ್ರ. ಕೊಲರಾಡೊದಲ್ಲಿ ನೇಥನ್ ಮೆಕಿನನ್ ಒಬ್ಬನಿಗೇ 12.6 ಹೋಗುತ್ತಿತ್ತು. ಜುಲೈನಲ್ಲಿ ಬರಿಗೈ ಆಗುವುದಕ್ಕಿಂತ ಈಗಲೇ ಏನಾದರೂ ಬರಲಿ ಎಂದು ಕ್ಯಾರೊಲೈನಾಗೆ ಕಳಿಸಿದರು. ನಡುವೆ ಶಿಕಾಗೊ ನಿಂತು ಅರ್ಧ ಕ್ಯಾಪ್ ಹೊತ್ತುಕೊಂಡಿತು. ಕೊಲರಾಡೊಗೆ ಮಾರ್ಟಿನ್ ನೆಚಾಸ್, ಜ್ಯಾಕ್ ಡ್ರೂರಿ, ಎರಡು ಪಿಕ್.

ಕ್ಯಾರೊಲೈನಾದಲ್ಲಿ ಉಳಿಯಲು ರಾಂಟನೆನ್ ಒಪ್ಪಲಿಲ್ಲ. ಮಾರ್ಚ್ 7ಕ್ಕೆ ಡಲ್ಲಾಸ್‌ಗೆ. ಅಲ್ಲಿ 8 ವರ್ಷ, ವರ್ಷಕ್ಕೆ 12 ಮಿಲಿಯನ್. ಆಮೇಲೆ ಮೊದಲ ಸುತ್ತಿನಲ್ಲೇ ಡಲ್ಲಾಸ್‌ಗೂ ಕೊಲರಾಡೊಗೂ ಗಂಟು ಬಿತ್ತು. ಏಳನೇ ಪಂದ್ಯದ ಕೊನೇ ಅವಧಿಯಲ್ಲಿ ಹಳೇ ಟೀಮಿನ ಮೇಲೇ ಮೂರು ಗೋಲು. ಕೊಲರಾಡೊ ಮನೆಗೆ.

ಪಕ್ಕದ ಮನೆಯವನ ವಾದ: ಗೋಲು ಬಿದ್ದದ್ದು ನೋಡಿ ಟ್ರೇಡ್ ಅಳೆಯಬಾರದು, ಆ ದಿನ ಕೈಯಲ್ಲಿದ್ದ ಲೆಕ್ಕ ನೋಡು. ಒಪ್ಪುತ್ತೇನೆ. ಆದರೆ ಆ ಲೆಕ್ಕವೇ ನನಗೆ ಸರಿ ಕಾಣುವುದಿಲ್ಲ. 2025ರ ಅಕ್ಟೋಬರಿನಲ್ಲಿ ಕೊಲರಾಡೊ ನೆಚಾಸ್‌ಗೆ 8 ವರ್ಷಕ್ಕೆ ವರ್ಷಕ್ಕೆ 11.5 ಮಿಲಿಯನ್ ಬರೆದುಕೊಟ್ಟಿತು. ರಾಂಟನೆನ್‌ಗೂ ನೆಚಾಸ್‌ಗೂ ಅಂತರ ಅರ್ಧ ಮಿಲಿಯನ್. ಅದಕ್ಕಾಗಿ ಇಷ್ಟೆಲ್ಲ ಬೇಕಿತ್ತಾ? ನೆಚಾಸ್ ಎರಡು ವರ್ಷ ಚಿಕ್ಕವನು, ಒಳ್ಳೇ ವೇಗಗಾರ, ನಿಜ. ಕೊನೆಗೂ ಈ ಜಗಳ ಬಗೆಹರಿಯುವುದಿಲ್ಲ. ಅವನು ಕಾಫಿ ಕುಡಿದು ಎದ್ದು ಹೋಗುತ್ತಾನೆ.

ಬೈಔಟ್ ಮಾಡಿಬಿಟ್ಟರೆ ಒಪ್ಪಂದದ ಕಾಟ ತಪ್ಪುತ್ತದಾ?

ಮುಂದಕ್ಕೆ ಹೋಗುತ್ತದೆ, ತಪ್ಪುವುದಿಲ್ಲ. ಸಾಮಾನ್ಯವಾಗಿ ಬಾಕಿ ಸಂಬಳದ ಮೂರರಲ್ಲಿ ಎರಡು ಪಾಲನ್ನು, ಉಳಿದ ವರ್ಷಗಳ ಎರಡರಷ್ಟು ಕಾಲ ಕೊಡಬೇಕು. ಆ ವರ್ಷಗಳಲ್ಲೆಲ್ಲ ಕ್ಯಾಪ್‌ನಲ್ಲೂ ಗಾಯದ ಕಲೆ. ಮಿನ್ನೆಸೋಟಾ 2021ರಲ್ಲಿ ಝಾಕ್ ಪರೀಸಿ, ರಯಾನ್ ಸೂಟರ್ ಇಬ್ಬರನ್ನೂ ಹೀಗೆ ಕಳಿಸಿತು. 2023-24ರಲ್ಲೂ ಮರು ವರ್ಷವೂ ಆಡದ ಈ ಇಬ್ಬರ ಹೆಸರಿನಲ್ಲಿ ಒಟ್ಟು ಸೇರಿ ವರ್ಷಕ್ಕೆ 14.7 ಮಿಲಿಯನ್ ಕ್ಯಾಪ್ ಹೋಯಿತು. ಓರೈಲಿಗೆ ಜಾಗ ಬಾಡಿಗೆ ಕೊಟ್ಟದ್ದೂ ಇದೇ ಟೀಮ್, ಆ ವರ್ಷ ಅದರ ಸತ್ತ ಕ್ಯಾಪ್ 12.7. ಹರಿದ ಚೀಲದಲ್ಲೂ ಒಂದು ಮೂಲೆ ಬಾಡಿಗೆಗೆ ಬಿಟ್ಟರು.

ಕ್ಯಾಪ್ ಏರುತ್ತಿದೆಯಂತಲ್ಲ, ಹಳೇ ಲೆಕ್ಕ ನಡೆಯುತ್ತದಾ?

ಮಿಲಿಯನ್ ನೋಡುವುದು ಬಿಡಿ, ಪಾಲು ನೋಡಿ. 2025-26ಕ್ಕೆ 95.5, ಮರು ವರ್ಷ 104, ಅದರ ಮರು ವರ್ಷ 113.5 ಎಂದು ಲೀಗ್ 2025ರ ಜನವರಿಯಲ್ಲೇ ಮುಂಗಡ ಅಂಕಿ ಕೊಟ್ಟಿದೆ. ಕಾನರ್ ಮೆಕ್‌ಡೇವಿಡ್‌ನ 12.5 ಮಿಲಿಯನ್ 2018-19ರಲ್ಲಿ ಕ್ಯಾಪ್‌ನ ಶೇ. 15.7 ಆಗಿತ್ತು. ಅವನು ಅದೇ 12.5ಕ್ಕೆ ಮತ್ತೆರಡು ವರ್ಷ ಸಹಿ ಹಾಕಿದ್ದಾನೆ. 2026-27ರಲ್ಲಿ ಅದು ಶೇ. 12. ಜಗತ್ತಿನ ಅತ್ಯುತ್ತಮ ಆಟಗಾರ ರಿಯಾಯಿತಿಯಲ್ಲಿ! ಅದೇ ವರ್ಷ ಕಿರಿಲ್ ಕಪ್ರಿಜೊವ್ 17 ಮಿಲಿಯನ್, ಶೇ. 16 ದಾಟುತ್ತದೆ. ಉದ್ದನೆಯ ಒಪ್ಪಂದದಲ್ಲಿ ಸಿಕ್ಕಿರುವ ಹುಡುಗನನ್ನು ಈಗ ಟ್ರೇಡ್‌ನಲ್ಲಿ ಸುಲಭಕ್ಕೆ ಬಿಡದಿರುವುದು ಇದಕ್ಕೇ.

ಆಟಗಾರ 'ಬರಲ್ಲ' ಅಂದರೆ?

ತನ್ನ ಒಪ್ಪಿಗೆ ಇಲ್ಲದೆ ಟ್ರೇಡ್ ಮಾಡುವ ಹಾಗಿಲ್ಲ ಎಂದು ಒಪ್ಪಂದದಲ್ಲಿ ಷರತ್ತು ಬರೆಸಿಕೊಂಡಿದ್ದರೆ ಮುಗಿಯಿತು, ಒಪ್ಪಿಸಬೇಕು. ಕೆಲವರು ಹೋಗಲು ಒಲ್ಲದ ಊರುಗಳ ಪಟ್ಟಿ ಕೊಡುತ್ತಾರೆ. ಪಟ್ಟಿ ಉದ್ದವಾದಷ್ಟೂ ಮಾರುವವನ ಚೌಕಾಸಿ ಬಲ ಕಡಿಮೆ.

ಡೆಡ್‌ಲೈನ್ ಮುಗಿದ ಮೇಲೂ ಟ್ರೇಡ್ ಸುದ್ದಿ ಬರುತ್ತಿರುತ್ತದಲ್ಲ, ಮೋಸವಾ?

ಅಲ್ಲ. ಇಲ್ಲಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಎರಡೂ ಟೀಮ್ ಲೀಗ್ ಕಚೇರಿಗೆ ತಿಳಿಸಿದ್ದರೆ ಸಾಕು. ಆಮೇಲೆ ಕಚೇರಿಯವರು ಒಂದೊಂದಾಗಿ ಕ್ಯಾಪ್, ರಿಟೆನ್ಷನ್, ಷರತ್ತು ಎಲ್ಲ ತಾಳೆ ನೋಡಿ ಒಪ್ಪಿಗೆ ಕೊಡುತ್ತಾರೆ. ಸಾಲು ಉದ್ದವಿದ್ದರೆ ಹೊತ್ತಾಗುತ್ತದೆ. ಊರಿನಲ್ಲಿ ಆಗ ರಾತ್ರಿ ಒಂದೂವರೆ. ಹೋದ ಸಲ ಎರಡು ಗಂಟೆಗೆ ಭಾವಮೈದನ ಮೆಸೇಜ್ ಬಂತು: "ಭಾವ, ಮಲಗ್ಲಾ, ಇನ್ನೂ ಏನಾದ್ರೂ ಇದೆಯಾ?" ಹದಿನೈದು ನಿಮಿಷ ತಡಿ ಎಂದೆ.